ಕೂಡಿದರೆ ಅಂಕೋಲಾ, ಕಳೆದರೆ ಕಾರವಾರ

581301. 581314.

ಮೊದಲನೆಯದು ಕಾರವಾರದ ಪಿನ್ ಕೋಡು, ಎರಡನೆಯದು ಅಂಕೋಲಾದ್ದು. ಐವತ್ತು ವರ್ಷಗಳಿಂದ ಈ ಎರಡು ಸಂಖ್ಯೆಗಳನ್ನು ಲಗ್ನಪತ್ರಿಕೆಯ ಮೇಲೆ, ಮನಿಯಾರ್ಡರ್ ಫಾರಮ್ಮಿನ ಮೇಲೆ, ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ, ಈಗೀಗ ಆನ್‌ಲೈನ್ ಪಾರ್ಸೆಲ್ಲಿನ ಚೀಟಿಯಲ್ಲಿ ಜನ ಬರೆಯುತ್ತಲೇ ಇದ್ದಾರೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಆದರೆ ಬಿಡಿ ಅಂಕಿಗಳ ಸಾಲನ್ನಾಗಿ ಒಪ್ಪಿಸುವುದನ್ನು ಬಿಟ್ಟು, ಐದು ಲಕ್ಷದ ಎಂಬತ್ತೊಂದು ಸಾವಿರದ ಮುನ್ನೂರ ಒಂದು, ಐದು ಲಕ್ಷದ ಎಂಬತ್ತೊಂದು ಸಾವಿರದ ಮುನ್ನೂರ ಹದಿನಾಲ್ಕು ಎಂದು ಇಡಿಯಾಗಿ ಓದಿ ನೋಡಿದವರು ಎಷ್ಟು ಮಂದಿ ಇದ್ದಾರು? ಹಾಗೆ ಓದಿ, ಒಂದು ಪೆನ್ಸಿಲು ಹಿಡಿದು ಕೂತರೆ ಸಾಕು. ಆಮೇಲೆ ಏಳುವುದೇ ಕಷ್ಟ.

ಸಿಕ್ಕಿದ್ದನ್ನು ಮೊದಲೇ ಹೇಳಿಬಿಡುತ್ತೇನೆ, ತಡೆದುಕೊಳ್ಳಲು ಆಗುತ್ತಿಲ್ಲ. ಅಂಕೋಲಾದ ಸಂಖ್ಯೆಯನ್ನು ಎರಡು ವರ್ಗಸಂಖ್ಯೆಗಳನ್ನು ಕೂಡಿ ಪಡೆಯಬಹುದು. ಅದೂ ಒಂದೇ ಒಂದು ಬಗೆಯಲ್ಲಿ. ಎರಡನೆಯ ಬಗೆ ಇಲ್ಲವೇ ಇಲ್ಲ. ಒಂದು ವರ್ಗದಿಂದ ಇನ್ನೊಂದನ್ನು ಕಳೆದು ಅದನ್ನು ಪಡೆಯುತ್ತೇನೆಂದು ಹೊರಟರೆ ಜನ್ಮ ಪೂರ್ತಿ ಹುಡುಕಿದರೂ ಸಿಗದು. ಕಾರವಾರದ್ದು ಇದಕ್ಕೆ ತದ್ವಿರುದ್ಧ. ಕಳೆದು ಪಡೆಯಲು ಆರು ದಾರಿ. ಕೂಡಿ ಪಡೆಯಲು ಒಂದೂ ಇಲ್ಲ. ಎರಡೂ ಸಂಖ್ಯೆಗಳ ನಡುವಿನ ಅಂತರ ಬರೀ 13. ಒಂದೇ ಹೆದ್ದಾರಿ, ಒಂದೇ ರೈಲು ಮಾರ್ಗ, ಒಂದೇ ಕಡಲು. ಆದರೂ ಒಂದು ಊರಿನ ಸಂಖ್ಯೆಗೆ ತೆರೆದ ಬಾಗಿಲು ಇನ್ನೊಂದಕ್ಕೆ ಮುಚ್ಚಿದೆ!

ಇದನ್ನು ಯಾರೂ ಹೀಗೇ ಆಗಲೆಂದು ಮಾಡಿದ್ದಲ್ಲ. ಪಿನ್ ಕೋಡು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದಲ್ಲಿದ್ದ ಶ್ರೀರಾಮ ಭಿಕಾಜಿ ವೇಲಣಕರ. ಸಂಸ್ಕೃತದಲ್ಲಿ ಕಾವ್ಯ ಬರೆಯುತ್ತಿದ್ದ ಅಧಿಕಾರಿ. ಒಂದೇ ಹೆಸರಿನ ಊರುಗಳು, ಓದಲಾಗದ ಕೈಬರಹ, ಹತ್ತಾರು ಲಿಪಿಗಳು, ಇವುಗಳ ನಡುವೆ ಕಾಗದ ದಾರಿ ತಪ್ಪದಿರಲೆಂದು ಮಾಡಿದ ಏರ್ಪಾಡು ಅದು. ಮೊದಲ ಅಂಕಿ ದೇಶದ ವಲಯವನ್ನು ಹೇಳುತ್ತದೆ, ನಮ್ಮದು 5. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಕಚೇರಿಯನ್ನು ತೋರಿಸುತ್ತವೆ. ಕಾರವಾರಕ್ಕೆ 301 ಬಂತು, ಅಂಕೋಲಾಕ್ಕೆ 314. ಅಂಚೆಯವರ ಕೆಲಸ ಅಲ್ಲಿಗೆ ಮುಗಿಯಿತು. ಆ ಸಂಖ್ಯೆಯ ಹೊಟ್ಟೆಯೊಳಗೆ ಏನಿದೆ ಎಂಬುದು ಅವರ ಕೈಯಲ್ಲಿರಲಿಲ್ಲ.

ಒಡೆದು ನೋಡೋಣ. ಕಾರವಾರ ಸುಲಭ. ಅಂಕಿಗಳನ್ನು ಕೂಡಿದರೆ 18, ಅಂದರೆ 9ರಿಂದ ಭಾಗವಾಗುತ್ತದೆ: 64589. ಅದಕ್ಕೆ 7ರ ಮಗ್ಗಿ ಹಚ್ಚಿದರೆ 9227, ಶೇಷ ಸೊನ್ನೆ. ಈ 9227 ಮಾತ್ರ ಜಗ್ಗುವುದಿಲ್ಲ. ಅದರ ವರ್ಗಮೂಲ 96 ಚಿಲ್ಲರೆ. ಅಲ್ಲಿಯವರೆಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೂ ಪ್ರತಿ ಸಲ ಏನಾದರೊಂದು ಶೇಷ ಉಳಿಯುತ್ತದೆ. ಹಾಗಾಗಿ 581301 = 3 × 3 × 7 × 9227. ಇಷ್ಟೇ ಕಾರವಾರದ ಜಾತಕ.

ಅಂಕೋಲಾ ಸಮಸಂಖ್ಯೆ. ಎರಡರಿಂದ ಭಾಗಿಸಿದರೆ 290657. ಇಲ್ಲಿಂದ ಶುರು ನೋಡಿ ಹಟ. ಮೂರರಿಂದ ಹೋಗುವುದಿಲ್ಲ. ಏಳರಿಂದ ಹೋಗುವುದಿಲ್ಲ, 3 ಉಳಿಯುತ್ತದೆ. 31ರಿಂದ ಭಾಗಿಸಿದರೆ 1 ಉಳಿಯುತ್ತದೆ, ಅಯ್ಯೋ ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ ಜಾರಿತು. 193ಕ್ಕೆ ಬಂದರೆ ಒಂದೇ ಒಂದು ಕಡಿಮೆ. 251ಕ್ಕೂ ಒಂದೇ ಒಂದು ಕಡಿಮೆ. 293ಕ್ಕೆ ಒಂದು ಹೆಚ್ಚು. ಕೆಣಕುವುದಕ್ಕೆಂದೇ ಹುಟ್ಟಿದ ಸಂಖ್ಯೆ ಇದು. ವರ್ಗಮೂಲ 539 ಚಿಲ್ಲರೆ, ಅಲ್ಲಿಯವರೆಗೆ ಪರೀಕ್ಷಿಸಿದರೆ ಸಾಕು. 539ರವರೆಗೆ ಇರುವ ಅವಿಭಾಜ್ಯ ಸಂಖ್ಯೆಗಳು 99. ನೂರನೆಯದು 541, ಅದು ನಮಗೆ ಬೇಡ. ಆ ತೊಂಬತ್ತೊಂಬತ್ತೂ ಸೋಲುತ್ತವೆ. 290657 ಅವಿಭಾಜ್ಯ! ಅಂಕೋಲಾ ಎಂದರೆ ಎರಡು ಗುಣಿಸು ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ. ಅದಕ್ಕೆ ಒಳಗೆ ಬೇರೆ ಕೋಣೆಗಳೇ ಇಲ್ಲ.

ಈಗ ವರ್ಗಗಳ ಮಾತು. 1640ರ ಡಿಸೆಂಬರ್ 25ರಂದು ಫ್ರಾನ್ಸಿನ ವಕೀಲ ಪಿಯರ್ ದ ಫರ್ಮಾ ತನ್ನ ಗೆಳೆಯ ಮೆರ್ಸೆನ್‌ಗೆ ಬರೆದ ಕಾಗದದಲ್ಲಿ ಒಂದು ಮಾತು ಹೇಳಿದ. ನಾಲ್ಕರಿಂದ ಭಾಗಿಸಿದಾಗ 1 ಉಳಿಯುವ ಪ್ರತಿಯೊಂದು ಅವಿಭಾಜ್ಯ ಸಂಖ್ಯೆಯೂ ಎರಡು ವರ್ಗಗಳ ಮೊತ್ತ, ಅದೂ ಒಂದೇ ಬಗೆಯಲ್ಲಿ. 3 ಉಳಿಯುವಂಥದ್ದು ಎಂದೂ ಅಲ್ಲ. 5 ಅಂದರೆ 4 ಮತ್ತು 1. 13 ಅಂದರೆ 9 ಮತ್ತು 4. 7? ಆಗುವುದಿಲ್ಲ. 11? ಆಗುವುದಿಲ್ಲ. ಪೂರ್ತಿ ಸಾಧನೆಯನ್ನು ಫರ್ಮಾ ಎಲ್ಲೂ ಬರೆದಿಡಲಿಲ್ಲ; ಅದನ್ನು ಕೊಟ್ಟವನು ಆಯ್ಲರ್, ನೂರು ವರ್ಷಗಳ ಮೇಲೆ. ಮತ್ತೆ ನಮ್ಮ 290657ನ್ನು ನಾಲ್ಕರಿಂದ ಭಾಗಿಸಿ. ಉಳಿಯುವುದು 1.

ಅಂದರೆ ಎಲ್ಲೋ ಒಂದು ಜೋಡಿ ಇದೆ. ಇರಲೇಬೇಕು. ಫರ್ಮಾನ ಮಾತು ಅಷ್ಟನ್ನು ಮಾತ್ರ ಹೇಳುತ್ತದೆ, ಜೋಡಿ ಯಾವುದೆಂದು ಹೇಳುವುದಿಲ್ಲ. ಹುಡುಕಬೇಕು.

ಹುಡುಕುವುದಕ್ಕೂ ಒಂದು ಜಾಣತನವಿದೆ, ಕುರುಡಾಗಿ 1ರಿಂದ 539ರವರೆಗೆ ಹೋಗಬೇಕಿಲ್ಲ. 290657ನ್ನು ಐದರಿಂದ ಭಾಗಿಸಿದರೆ 2 ಉಳಿಯುತ್ತದೆ. ವರ್ಗಗಳನ್ನು ಐದರಿಂದ ಭಾಗಿಸಿದರೆ 0, 1, 4 ಬಿಟ್ಟು ಬೇರೇನೂ ಉಳಿಯದು. ಎರಡು ವರ್ಗ ಸೇರಿ 2 ಉಳಿಸಬೇಕಾದರೆ ಎರಡೂ 1 ಉಳಿಸಲೇಬೇಕು. ಹಾಗಾಗಿ ಜೋಡಿಯಲ್ಲಿ ಬೆಸಸಂಖ್ಯೆಯ ಕೊನೆಯ ಅಂಕಿ 1 ಅಥವಾ 9, ಸಮಸಂಖ್ಯೆಯ ಕೊನೆಯ ಅಂಕಿ 4 ಅಥವಾ 6. ಹದಿನಾರರ ಶೇಷ ನೋಡಿದರೆ ಇನ್ನಷ್ಟು ಜರಡಿ ಹಿಡಿಯಬಹುದು, ಮೂರರ ಶೇಷದಿಂದ ಮತ್ತಷ್ಟು. ಉಳಿಯುವ ಬೆಸಸಂಖ್ಯೆಗಳ ಪಟ್ಟಿ ಒಂದು ಹಾಳೆಗೆ ಸಾಕು: 1, 31, 41, 49, 71, 79... ಒಂದೊಂದರ ವರ್ಗವನ್ನೂ 290657ರಿಂದ ಕಳೆಯುವುದು, ಉಳಿದದ್ದು ವರ್ಗವೇ ಎಂದು ನೋಡುವುದು. 169 ಇಟ್ಟರೆ ಉಳಿಯುವುದು 262096. 512ರ ವರ್ಗ 262144, ನಲವತ್ತೆಂಟರಿಂದ ತಪ್ಪಿತು. 439 ಇಟ್ಟರೆ ಮೂವತ್ತಮೂರರಿಂದ ತಪ್ಪಿತು. 511ಕ್ಕೆ ಮತ್ತೆ ಅದೇ ನಲವತ್ತೆಂಟು. 521 ಆಗಲಿಲ್ಲ. ಪಟ್ಟಿಯಲ್ಲಿ ಇನ್ನು ಉಳಿದದ್ದು ಒಂದೇ, ಅದರ ಮುಂದಿನದು 539ರ ಆಚೆಗೆ ಹೋಗಿಬಿಡುತ್ತದೆ. ಆ ಕಟ್ಟಕಡೆಯ ಸಂಖ್ಯೆ 529. ಅದರ ವರ್ಗ 279841. ಕಳೆದರೆ 10816.

10816 ಅಂದರೆ 104ರ ವರ್ಗ!

290657 = 529² + 104². ಸಿಕ್ಕಿತು. ಆದರೆ ಸಿಕ್ಕಿದ್ದು ಇಷ್ಟೇ ಅಲ್ಲ, 529ನ್ನು ಇನ್ನೊಮ್ಮೆ ನೋಡಿ. ಇಪ್ಪತ್ತಮೂರು ಇಪ್ಪತ್ತಮೂರಲ ಎಷ್ಟು? ಐನೂರ ಇಪ್ಪತ್ತೊಂಬತ್ತು! ಕೂಡಿದ ಎರಡು ವರ್ಗಗಳಲ್ಲಿ ಒಂದು ವರ್ಗದ ವರ್ಗ. ಅಂದರೆ ಅಂಕೋಲಾದ ಅರ್ಧ = 104² + 23⁴. 539ರವರೆಗೆ ಇರುವ ಸಂಖ್ಯೆಗಳಲ್ಲಿ ತಾವೇ ವರ್ಗಗಳಾಗಿರುವವು 1, 4, 9, 16 ಎಂದು ಶುರುವಾಗಿ ಒಟ್ಟು 23. ಅವುಗಳಲ್ಲಿ ಕೊನೆಯದು, ಎಲ್ಲಕ್ಕಿಂತ ದೊಡ್ಡದು, ಈ 529. ಅದಕ್ಕಿಂತ ದೊಡ್ಡ ವರ್ಗಕ್ಕೆ ಇಲ್ಲಿ ಜಾಗವೇ ಇರಲಿಲ್ಲ.

ಈ ರೂಪದ ಅವಿಭಾಜ್ಯ ಸಂಖ್ಯೆಗಳಿಗೆ ಗಣಿತದಲ್ಲಿ ದೊಡ್ಡ ಹೆಸರಿದೆ. ಒಂದು ವರ್ಗ, ಒಂದು ನಾಲ್ಕನೆಯ ಘಾತ, ಎರಡನ್ನೂ ಕೂಡಿ ಬರುವ ಸಂಖ್ಯೆಗಳು ತೀರ ವಿರಳ. ಹತ್ತು ಲಕ್ಷದೊಳಗೆ ಅಂಥವು ಮೂವತ್ತು ಸಾವಿರಕ್ಕಿಂತ ಕಡಿಮೆ. ಮೇಲೆ ಹೋದಂತೆ ಇನ್ನೂ ತೆಳುವಾಗುತ್ತವೆ. ಅಷ್ಟು ತೆಳುವಾದ ಬಲೆಯಲ್ಲಿ ಅವಿಭಾಜ್ಯ ಸಂಖ್ಯೆಗಳು ಕೊನೆಯಿಲ್ಲದಂತೆ ಬೀಳುತ್ತಲೇ ಇರುತ್ತವೆಯೇ? ಹೌದು ಎಂದು ಜಾನ್ ಫ್ರೀಡ್‌ಲ್ಯಾಂಡರ್ ಮತ್ತು ಹೆನ್ರಿಕ್ ಇವಾನಿಯೆಟ್ಸ್ ಸಾಧಿಸಿದ ಪ್ರಬಂಧ 1998ರಲ್ಲಿ 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಪತ್ರಿಕೆಯಲ್ಲಿ ಬಂತು. ಸುಮಾರು ನೂರು ಪುಟ. ಅದಕ್ಕೆ ಮುಂಚೆ ಇಷ್ಟು ವಿರಳವಾದ ಬಹುಪದೋಕ್ತಿಗೆ ಇಂಥದ್ದನ್ನು ಯಾರೂ ಸಾಧಿಸಿರಲಿಲ್ಲ. ಅಂಥ ಸಂಖ್ಯೆಗಳನ್ನು ಈಗ ಅವರಿಬ್ಬರ ಹೆಸರಿನಿಂದಲೇ ಕರೆಯುತ್ತಾರೆ. ಅವುಗಳಲ್ಲೊಂದರ ದುಪ್ಪಟ್ಟು, ಅಂಕೋಲಾದ ಕರಿ ಇಶಾಡು ಮಾವಿನ ಬುಟ್ಟಿಯ ವಿಳಾಸದ ಕೆಳಗೆ, ಉಪ್ಪಿನ ಸತ್ಯಾಗ್ರಹ ನಡೆದ ಆ ಊರಿನ ಲಕೋಟೆಗಳ ಮೇಲೆ, 1972ರಿಂದ ಸುಮ್ಮನೆ ಕೂತಿತ್ತು!

ಇನ್ನು ಪೂರ್ತಿ ಅಂಕೋಲಾ. ಅರ್ಧ ಗೊತ್ತಾದ ಮೇಲೆ ಪೂರ್ತಿಗೆ ಬ್ರಹ್ಮಗುಪ್ತನ ದಾರಿ ಇದೆ. ಅವನ ಗ್ರಂಥ ಕ್ರಿ.ಶ. 628ರದು. ಎರಡು ವರ್ಗಗಳ ಮೊತ್ತವನ್ನು ಅಂಥದ್ದೇ ಇನ್ನೊಂದರಿಂದ ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ, ಜೋಡಿಯನ್ನು ಹುಡುಕಬೇಕಾಗಿಲ್ಲ, ಕೂಡಿ ಕಳೆದು ಕಟ್ಟಬಹುದು. 2 ಅಂದರೆ 1 ಮತ್ತು 1. ಹಾಗಾಗಿ 529ಕ್ಕೆ 104 ಕೂಡಿಸಿ, 633. 529ರಿಂದ 104 ಕಳೆಯಿರಿ, 425. 633ರ ವರ್ಗ 400689, 425ರ ವರ್ಗ 180625. ಮೊತ್ತ 581314. ಕೂಡಿ ನೋಡಿಕೊಳ್ಳಿ, ನನ್ನ ಮಾತನ್ನು ಹಾಗೇ ನಂಬಬೇಡಿ.

ಇದು ಬರೀ ಕಾಗದದ ಮೇಲಿನ ಕಸರತ್ತು ಎನ್ನಿಸಿದರೆ ಚುಕ್ಕಿ ರಂಗೋಲಿಯನ್ನು ನೆನೆಯಿರಿ. ಎರಡು ಸೆಂಟಿಮೀಟರಿಗೊಂದರಂತೆ ಸಾಲಾಗಿ ಚುಕ್ಕಿ ಇಟ್ಟಿದ್ದೀರಿ. ಒಂದು ಚುಕ್ಕಿಯಿಂದ ಬಲಕ್ಕೆ 633 ಎಣಿಸಿ, ಅಲ್ಲಿಂದ ಮೇಲಕ್ಕೆ 425. ಹೊರಟ ಚುಕ್ಕಿಗೂ ತಲುಪಿದ ಚುಕ್ಕಿಗೂ ಗೆರೆ ಎಳೆದು ಅದನ್ನೇ ಬದಿಯಾಗಿಟ್ಟುಕೊಂಡು ಚೌಕ ಕಟ್ಟಿ. ಚೌಕ ಓರೆಯಾಗಿ ಕೂರುತ್ತದೆ, ಆದರೆ ನಾಲ್ಕೂ ಮೂಲೆಗಳು ಸರಿಯಾಗಿ ಚುಕ್ಕಿಗಳ ಮೇಲೇ ಬೀಳುತ್ತವೆ. ಅದರೊಳಗೆ ಹಿಡಿಯುವ ಜಾಗ ಎಷ್ಟು? ಚಿಕ್ಕ ಮನೆಗಳ ಲೆಕ್ಕದಲ್ಲಿ ನಿಖರವಾಗಿ 581314. ಹದಿನೈದು ಮೀಟರಿಗೆ ತುಸು ಹೆಚ್ಚಿನ ಬದಿಯ ಚೌಕ. ಕಾರವಾರದ ಟ್ಯಾಗೋರ್ ಕಡಲತೀರದ ಒದ್ದೆ ಮರಳಿನ ಮೇಲೆ ಆರಾಮಾಗಿ ಬಿಡಿಸಬಹುದು. ಆದರೆ ಅದೇ ಮರಳಿನ ಮೇಲೆ ಕಾರವಾರದ ಸ್ವಂತ ಸಂಖ್ಯೆ 581301ರಷ್ಟು ಮನೆಗಳ ಚೌಕವನ್ನು ಚುಕ್ಕಿಯಿಂದ ಚುಕ್ಕಿಗೆ ಕಟ್ಟುತ್ತೇನೆಂದರೆ, ಹೇಗೆ ತಿರುಗಿಸಿದರೂ, ಎಷ್ಟು ಓರೆ ಮಾಡಿದರೂ, ಆಗುವುದಿಲ್ಲ.

ಯಾಕೆ ಆಗುವುದಿಲ್ಲ? ಇಲ್ಲಿ ಕತೆ ಸ್ವಲ್ಪ ಕೊಂಕಾಗಿದೆ. ಕಾರವಾರ ಮೊದಲ ಪರೀಕ್ಷೆಯನ್ನು ಪಾಸು ಮಾಡುತ್ತದೆ. 581301ನ್ನು ನಾಲ್ಕರಿಂದ ಭಾಗಿಸಿದರೆ ಉಳಿಯುವುದು 1. ಹೊರಗಿನಿಂದ ನೋಡಿದರೆ ಯೋಗ್ಯ ಅಭ್ಯರ್ಥಿ. ಅದನ್ನು ಕೆಡವುವುದು ಒಳಗೆ ಒಂಟಿಯಾಗಿ ಕೂತಿರುವ ಆ 7. ವರ್ಗಗಳನ್ನು ಏಳರಿಂದ ಭಾಗಿಸಿದರೆ 0, 1, 2, 4 ಮಾತ್ರ ಉಳಿಯುತ್ತವೆ. ಇವುಗಳಲ್ಲಿ ಯಾವ ಎರಡನ್ನು ಕೂಡಿದರೆ ಏಳರ ಗುಣಕ ಬರುತ್ತದೆ? 1ಕ್ಕೆ 6 ಬೇಕು, ಇಲ್ಲ. 2ಕ್ಕೆ 5 ಬೇಕು, ಇಲ್ಲ. 4ಕ್ಕೆ 3 ಬೇಕು, ಅದೂ ಇಲ್ಲ. ಸೊನ್ನೆಗೆ ಸೊನ್ನೆ ಮಾತ್ರ. ಹಾಗಾಗಿ ಮೊತ್ತ ಏಳರಿಂದ ಭಾಗವಾಗುತ್ತದೆಂದರೆ ಎರಡೂ ಮೂಲಸಂಖ್ಯೆಗಳು ಏಳರಿಂದ ಭಾಗವಾಗಿರಬೇಕು. ಆಗ ಮೊತ್ತ 49ರಿಂದಲೇ ಭಾಗವಾಗಬೇಕು. ಕಾರವಾರದಲ್ಲಿ ಏಳು ಇರುವುದು ಒಂದೇ ಸಲ. ಮುಗಿಯಿತು. ನಾಲ್ಕು ಶೇಷಗಳ ಈ ಪುಟ್ಟ ಲೆಕ್ಕ, ಎಂಟನೇ ಇಯತ್ತೆಯ ಹುಡುಗಿಯೂ ಪಾಟಿಯ ಮೇಲೆ ಮಾಡಬಹುದಾದದ್ದು, ಅನಂತ ಜೋಡಿಗಳ ಹುಡುಕಾಟವನ್ನು ಒಂದೇ ಏಟಿಗೆ ನಿಲ್ಲಿಸಿಬಿಡುತ್ತದೆ. ನೂರು ಪುಟದ ಪ್ರಬಂಧಕ್ಕಿಂತ ಇದೇ ನನಗೆ ಹೆಚ್ಚು ಮೈ ಜುಮ್ಮೆನ್ನಿಸಿದ್ದು.

ಮೂರನೆಯ ವರ್ಗವೊಂದನ್ನು ಕೂಡಲು ಬಿಟ್ಟರೆ ಕಾರವಾರ ಥಟ್ಟನೆ ಸಿಗುತ್ತದೆ: 762² + 24² + 9². ಮೂರೂ ಮೂರರ ಮಗ್ಗಿಯವು, ಅದೂ ಒಂದು ಚೆಂದ.

ಕಳೆಯುವ ವಿಷಯಕ್ಕೆ ಬಂದರೆ ಕಾರವಾರದ್ದೇ ಸಾಮ್ರಾಜ್ಯ. ಎರಡು ವರ್ಗಗಳ ವ್ಯತ್ಯಾಸವೆಂದರೆ ಎರಡು ಸಂಖ್ಯೆಗಳ ಮೊತ್ತವನ್ನು ಅವುಗಳ ಅಂತರದಿಂದ ಗುಣಿಸಿದ್ದು, ಇದನ್ನು ಶಾಲೆಯಲ್ಲಿ ಎಲ್ಲರೂ ಉರು ಹೊಡೆದಿದ್ದೇವೆ. 581301ನ್ನು ಎರಡರ ಗುಣಲಬ್ಧವಾಗಿ ಬರೆಯಲು ಆರು ದಾರಿ: 1, 3, 7, 9, 21, 63, ಒಂದೊಂದಕ್ಕೂ ಅದರದರ ಜೊತೆಗಾರ. ಪ್ರತಿ ಜೋಡಿಗೂ ಒಂದು ಉತ್ತರ. 63 ಮತ್ತು 9227 ತೆಗೆದುಕೊಂಡರೆ 4645² − 4582². ಮೊದಲನೆಯದು 21576025, ಎರಡನೆಯದು 20994724, ಕಳೆದರೆ ಕಾರವಾರ. ತೀರ ಸಲೀಸಾದ ಜೋಡಿ ಬೇಕೆಂದರೆ ಒಂದರ ಪಕ್ಕ ಒಂದು ಕೂತವು: 290651² − 290650².

ಅಂಕೋಲಾಕ್ಕೆ ಇದು ಯಾಕೆ ಒದಗದು? ಎರಡು ಸಂಖ್ಯೆಗಳ ಮೊತ್ತ, ಅಂತರ ಎರಡೂ ಬೆಸವಾಗಿರುತ್ತವೆ, ಇಲ್ಲವೇ ಎರಡೂ ಸಮವಾಗಿರುತ್ತವೆ. ಎರಡೂ ಬೆಸವಾದರೆ ಗುಣಲಬ್ಧ ಬೆಸ. ಎರಡೂ ಸಮವಾದರೆ ಗುಣಲಬ್ಧ ನಾಲ್ಕರಿಂದ ಭಾಗವಾಗುತ್ತದೆ. 581314 ಬೆಸವೂ ಅಲ್ಲ, ನಾಲ್ಕರಿಂದ ಭಾಗವೂ ಆಗುವುದಿಲ್ಲ, 2 ಉಳಿಯುತ್ತದೆ. ಯಾವ 2 ಅದನ್ನು ಕೂಡುವ ಕಡೆ ಕೈಹಿಡಿದು ನಡೆಸಿತೋ ಅದೇ 2 ಕಳೆಯುವ ಕಡೆ ಕಾಲು ಹಿಡಿದು ಎಳೆಯುತ್ತದೆ.

ಈ ಹಂತದಲ್ಲಿ ಕರ್ನಾಟಕದ್ದೇ ಒಬ್ಬ ಹಿರಿಯನನ್ನು ಕರೆಯದಿದ್ದರೆ ತಪ್ಪಾದೀತು. ಒಂಬತ್ತನೆಯ ಶತಮಾನ, ಮಾನ್ಯಖೇಟ, ಅಮೋಘವರ್ಷ ನೃಪತುಂಗನ ಕಾಲ. 'ಕವಿರಾಜಮಾರ್ಗ' ಹುಟ್ಟಿದ ರಾಷ್ಟ್ರಕೂಟ ರಾಜ್ಯದಲ್ಲೇ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಒಂದರಿಂದ ಮಹಾಕ್ಷೋಭದವರೆಗೆ ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟವನು ಅವನು. ದೊಡ್ಡ ಸಂಖ್ಯೆಗಳೆಂದರೆ ಅವನಿಗೆ ಆಭರಣ. ಎರಡೂ ಕಡೆಯಿಂದ ಒಂದೇ ರೀತಿ ಕಾಣುವ ಸಂಖ್ಯೆಗಳನ್ನು ಕೊರಳ ಹಾರವೆಂದೇ ಕರೆದು ಲೆಕ್ಕ ಕಟ್ಟಿದ. ಒಂದರಿಂದ ಆರಕ್ಕೇರಿ ಮತ್ತೆ ಒಂದಕ್ಕಿಳಿಯುವ 12345654321 ಅವನ ಪುಸ್ತಕದಲ್ಲಿದೆ. ಅದು 111111ರ ವರ್ಗ. (ಕಾರವಾರದ ಒಳಗಿರುವ 63 ಈ ಹಾರದೊಳಗೂ ಇದೆ, 195962767 ಸಲ. ಸುಮ್ಮನೆ ಹೇಳಿದೆ.)

ಅದೇ ಗ್ರಂಥದ ಕ್ಷೇತ್ರಗಣಿತದಲ್ಲಿ ಮಹಾವೀರ ಒಂದು ಉಪಾಯ ಕೊಡುತ್ತಾನೆ. ಯಾವುದಾದರೂ ಎರಡು ಸಂಖ್ಯೆಗಳನ್ನು ಬೀಜ ಎಂದು ತೆಗೆದುಕೊಳ್ಳಿ. ಅವುಗಳ ವರ್ಗಗಳ ವ್ಯತ್ಯಾಸ ಒಂದು ಬದಿ, ಅವುಗಳ ಗುಣಲಬ್ಧದ ಇಮ್ಮಡಿ ಇನ್ನೊಂದು ಬದಿ, ವರ್ಗಗಳ ಮೊತ್ತ ಕರ್ಣ. ಪೂರ್ಣಾಂಕಗಳ ಲಂಬಕೋನದ ಆಕೃತಿ ತಾನಾಗಿ ಹುಟ್ಟುತ್ತದೆ. ಬೀಜದಿಂದ ಹುಟ್ಟಿದ್ದಕ್ಕೆ ಅವನು ಕೊಟ್ಟ ಹೆಸರು ಜನ್ಯ. ನಮ್ಮ ಕೈಯಲ್ಲಿ ಎರಡು ಬೀಜ ಇವೆಯಲ್ಲ, 529 ಮತ್ತು 104! ಬಿತ್ತಿ ನೋಡೋಣ. ಒಂದು ಬದಿ 269025. ಇನ್ನೊಂದು 110032. ಕರ್ಣ ನಮ್ಮ 290657. ಮೊದಲ ಬದಿಯ ವರ್ಗ 7237 ಕೋಟಿ 44 ಲಕ್ಷ 50 ಸಾವಿರದ 625. ಎರಡನೆಯದರ ವರ್ಗ 1210 ಕೋಟಿ 70 ಲಕ್ಷ 41 ಸಾವಿರದ 24. ಕೂಡಿದರೆ 8448 ಕೋಟಿ 14 ಲಕ್ಷ 91 ಸಾವಿರದ 649. 290657ನ್ನು ಅದರಿಂದಲೇ ಗುಣಿಸಿದರೂ ಅಷ್ಟೇ, ಒಂದು ಪೈ ಹೆಚ್ಚಿಲ್ಲ, ಕಮ್ಮಿಯಿಲ್ಲ. ಎಲ್ಲವನ್ನೂ ಇಮ್ಮಡಿ ಮಾಡಿದರೆ 538050, 220064 ಬದಿಗಳ ತ್ರಿಭುಜಕ್ಕೆ ಅಂಕೋಲಾದ ಪಿನ್ ಕೋಡೇ ಕರ್ಣವಾಗಿ ಒರಗಿ ನಿಲ್ಲುತ್ತದೆ.

ಕಾರವಾರ? ಕರ್ಣವಾಗಲು ನಾಲ್ಕರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯವೊಂದಾದರೂ ಒಳಗಿರಬೇಕು. ಕಾರವಾರದ ಒಳಗಿರುವವು 3, 7, 9227. ಮೂರನ್ನೂ ನಾಲ್ಕರಿಂದ ಭಾಗಿಸಿ. 3, 3, 3. ಒಂದಾದರೂ ತಪ್ಪಿತೇ! ಅಂಕೋಲಾದ ಒಳಗಿರುವ ಏಕೈಕ ಬೆಸ ಅವಿಭಾಜ್ಯ ಒಂದು ಪಂಗಡದ್ದು, ಕಾರವಾರದ ಒಳಗಿರುವವು ಎಲ್ಲವೂ ಇನ್ನೊಂದು ಪಂಗಡದವು. ಅವಿಭಾಜ್ಯ ಸಂಖ್ಯೆಗಳ ಲೋಕವನ್ನು ಎರಡಾಗಿ ಸೀಳುವ ಗೆರೆ ಬೇಲೇಕೇರಿ, ಅವರ್ಸಾದ ಆಸುಪಾಸಿನಲ್ಲೆಲ್ಲೋ ಹೆದ್ದಾರಿಯನ್ನು ದಾಟಿ ಹೋಗಿದೆ ಎನ್ನಬೇಕು.

ಯಾವ ಸಂಖ್ಯೆಯನ್ನು ಕೆದಕಿದರೂ ಏನಾದರೊಂದು ಸಿಕ್ಕೇ ಸಿಗುತ್ತದೆ, ಅದರಲ್ಲೇನು ದೊಡ್ಡದು ಎನ್ನುವವರಿದ್ದಾರೆ. ನಿಜ. ಐದಾರು ಲಕ್ಷದ ಆಸುಪಾಸಿನಲ್ಲಿ ಸುಮಾರು ಐದು ಸಂಖ್ಯೆಗಳಲ್ಲಿ ಒಂದು ಎರಡು ವರ್ಗಗಳ ಮೊತ್ತವಾಗಿರುತ್ತದೆ. ಈ ಪ್ರಮಾಣ ಹೇಗೆ ಕುಗ್ಗುತ್ತ ಹೋಗುತ್ತದೆ ಎಂಬ ಸೂತ್ರಕ್ಕೆ ಲಾಂಡೌ ಜೊತೆ ನಮ್ಮ ರಾಮಾನುಜನ್ ಹೆಸರೂ ಸೇರಿದೆ. ವ್ಯತ್ಯಾಸವಾಗುವ ಸಂಖ್ಯೆಗಳಂತೂ ನಾಲ್ಕರಲ್ಲಿ ಮೂರು. ಹಾಗಾಗಿ ಪವಾಡವೇನೂ ನಡೆದಿಲ್ಲ. ಅದೃಷ್ಟ ಸಂಖ್ಯೆ ಹೇಳುವವರು ಇದನ್ನು ಹಿಡಿದುಕೊಂಡು ಹೊರಟಾರು, ಅವರಿಗೂ ಇಲ್ಲಿ ಏನೂ ಸಿಗದು. ನನ್ನನ್ನು ಬೆರಗುಗೊಳಿಸುವುದು ಬೇರೆ. ಕಚೇರಿಯೊಂದರಲ್ಲಿ ಯಾರೋ ಸಾಲಾಗಿ ಹಂಚಿಕೊಟ್ಟ ಅಂಕಿ ಅದು, 314ರ ಬದಲು 313 ಕೊಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಕೊಟ್ಟ ಮೇಲೆ ಅದರ ಗುಣ ಯಾರ ಅಪ್ಪಣೆಗೂ ಕಾಯುವುದಿಲ್ಲ. ಪಿನ್ ಕೋಡು ಹುಟ್ಟುವ ಮುಂಚೆಯೂ 633ರ ವರ್ಗಕ್ಕೆ 425ರ ವರ್ಗ ಕೂಡಿದರೆ ಅಷ್ಟೇ ಬರುತ್ತಿತ್ತು.

ಇಷ್ಟು ಬೇರೆ ಬೇರೆ ಸ್ವಭಾವದ ಈ ಎರಡು ಸಂಖ್ಯೆಗಳು ಎಲ್ಲಾದರೂ ಭೇಟಿಯಾಗುತ್ತವೆಯೇ? ಆಗುತ್ತವೆ. ಅದನ್ನು ತೋರಿಸುವುದು ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಡಿ. ಆರ್. ಕಾಪ್ರೇಕರ್ ಅವರ ಆಟ. ಹುಟ್ಟಿದ್ದು 1905ರಲ್ಲಿ, ಡಹಾಣೂವಿನಲ್ಲಿ. ಇದೇ ಅರಬ್ಬೀ ಕಡಲಿನ ದಂಡೆ. ಒಂದು ಸಂಖ್ಯೆಯ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ್ದನ್ನು ಕಳೆಯಬೇಕು. ಬಂದದ್ದಕ್ಕೂ ಹಾಗೇ ಮಾಡಬೇಕು. ನಾಲ್ಕಂಕಿಯ ಸಂಖ್ಯೆಗಳು, ಎಲ್ಲ ಅಂಕಿಗಳೂ ಒಂದೇ ಆಗಿರದಿದ್ದರೆ, ಕೊನೆಗೆ 6174ಕ್ಕೆ ಬಂದು ನಿಲ್ಲುತ್ತವೆ ಎಂದು ಅವರು 1949ರಲ್ಲಿ ಕಂಡುಕೊಂಡರು. ಆರಂಕಿಗೆ ಬಂದರೆ ಆಟ ಜಟಿಲ. 549945, 631764 ಎಂಬ ಎರಡು ನಿಲ್ದಾಣಗಳಿವೆ. ಅಲ್ಲಿಗೆ ಹೋಗದವು ಏಳು ಸಂಖ್ಯೆಗಳ ಒಂದು ಬಳೆಯೊಳಗೆ ಬಿದ್ದು ಸುತ್ತುತ್ತಲೇ ಇರುತ್ತವೆ.

ಕಾರವಾರ ಹೊರಡಲಿ. 853110ರಿಂದ 011358 ಕಳೆದರೆ 841752. ಮತ್ತೆ ಮಾಡಿದರೆ 750843. ಮತ್ತೊಮ್ಮೆ, 840852. ಈಗ ಅಂಕೋಲಾ. 854311ರಿಂದ 113458 ಕಳೆದರೆ 740853. ಮತ್ತೆ ಮಾಡಿದರೆ 840852!

ಅಲ್ಲಿಂದ ಮುಂದೆ ಎರಡಕ್ಕೂ ಒಂದೇ ದಾರಿ: 860832, 862632, 642654, 420876, 851742, 750843, ಮತ್ತೆ 840852. ಅಂಕೋಲಾ ಒಂದು ಹೆಜ್ಜೆ ಮುಂದೆ, ಕಾರವಾರ ಒಂದು ಹೆಜ್ಜೆ ಹಿಂದೆ. ಬಳೆಗೆ ಕೊನೆಯಿಲ್ಲದ್ದರಿಂದ ಆ ಒಂದು ಹೆಜ್ಜೆಯ ಅಂತರ ಎಂದೂ ಅಳಿಯುವುದಿಲ್ಲ.

ಪೆನ್ಸಿಲು ಕೆಳಗಿಡುವ ಮುಂಚೆ ದಕ್ಷಿಣಕ್ಕೆ ಇಳಿಯುವ ಆಸೆ. ಗಂಗಾವಳಿ ದಾಟಿದರೆ ಗೋಕರ್ಣ, 581326. ನಾಲ್ಕರಿಂದ ಭಾಗಿಸಿದರೆ 2 ಉಳಿಯುತ್ತದೆ, ಕಳೆದು ಪಡೆಯಲಾಗದು. ಅರ್ಧ ಮಾಡಿದರೆ 290663, ಅದನ್ನು ನಾಲ್ಕರಿಂದ ಭಾಗಿಸಿದರೆ 3 ಉಳಿಯುತ್ತದೆ, ಕೂಡಿಯೂ ಪಡೆಯಲಾಗದು. ಮಹಾಬಲೇಶ್ವರನ ಊರು ಎರಡಕ್ಕೂ ಒಲಿಯದ್ದು! ಕುಮಟಾ 581343 ಕಾರವಾರದ ಬಳಗ, ಕಳೆದರೆ ಮಾತ್ರ ಸಿಗುತ್ತದೆ. ಶರಾವತಿ ಕಡಲು ಸೇರುವ ಹೊನ್ನಾವರ 581334 ಗೋಕರ್ಣದ ಹಾಗೆ, ಎರಡೂ ಇಲ್ಲ. ಅಲ್ಲಿ ಅಡ್ಡಗಾಲು ಹಾಕಿದ್ದು ಒಂಟಿ 3.

ಹಾಗಾದರೆ ಕೂಡಿದರೂ ಬರುವ, ಕಳೆದರೂ ಬರುವ ಊರು ಈ ದಂಡೆಯಲ್ಲಿ ಇಲ್ಲವೇ? ಜಿಲ್ಲೆಯ ತುದಿಗೆ ಹೋಗಬೇಕು. ಭಟ್ಕಳ, 581320. ಒಡೆದರೆ 2 × 2 × 2 × 5 × 14533. ಎಂಟರಿಂದ ಭಾಗವಾಗುತ್ತದೆ, ಹಾಗಾಗಿ ಕಳೆಯುವುದಕ್ಕೆ ತಕರಾರಿಲ್ಲ: 145331² − 145329². 5, 14533 ಎರಡೂ ನಾಲ್ಕರಿಂದ ಭಾಗಿಸಿದಾಗ 1 ಉಳಿಸುವ ಅವಿಭಾಜ್ಯಗಳು, ಹಾಗಾಗಿ ಕೂಡುವುದಕ್ಕೂ ತಕರಾರಿಲ್ಲ, ಅದೂ ಎರಡು ಬಗೆಯಲ್ಲಿ. ಒಂದು, 594² + 478². ಇನ್ನೊಂದು, 762² + 26². ಕಾರವಾರವನ್ನು ಮೂರು ವರ್ಗಗಳಲ್ಲಿ ಬಿಡಿಸಿದಾಗ ಸಿಕ್ಕಿದ್ದ ಅದೇ 762. ಕಾರವಾರ ಅದಕ್ಕೆ 24ರ ವರ್ಗವನ್ನೂ 9ರ ವರ್ಗವನ್ನೂ ಕೂಡಿಕೊಂಡು ಎರಡು ವರ್ಗಗಳಲ್ಲಿ ಮುಗಿಯದೆ ಉಳಿಯಿತು. ಭಟ್ಕಳ 26ರ ವರ್ಗವೊಂದನ್ನೇ ಕೂಡಿಕೊಂಡು ಮುಗಿಸಿತು. ಶಿರಸಿಯವರು 581401 ಹಿಡಿದು ಕೂರಬಹುದು. ನಾಲ್ಕರಿಂದ ಭಾಗಿಸಿದರೆ 1 ಉಳಿಯುತ್ತದೆ, 17ರಿಂದ ಭಾಗಿಸಿದರೂ 1, 19ರಿಂದ ಭಾಗಿಸಿದರೂ 1. ಮುಂದಿನದು 23.